ಫ್ಲಾಪಿಯೊಳಗೆ ಕೂತಿದ್ದ ನವಿಲು

ನವಿಲು ಸಿಕ್ಕಿತು! ನಮ್ಮ ಅತ್ತೆಯ ಕಸೂತಿ ನವಿಲು, ಕತ್ತು ತಿರುಗಿಸಿ ಹಿಂದಕ್ಕೆ ನೋಡುವ ನವಿಲು, ಇವತ್ತು ಮಧ್ಯಾಹ್ನ ಸವಣೂರಿನ ಒಂದು ರೇಡಿಯೋ ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಕಣ್ಣೆದುರಿಗೆ ಬಂದು ನಿಂತಿತು. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಹೇಳದಿದ್ದರೆ ಎದೆ ಒಡೆದೀತು. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಬಂಕಾಪುರದಲ್ಲಿ ಹತ್ತಿದ ಶೇಂಗಾ ಮಾರುವವನಿಗೂ ಹೇಳಿದೆ. "ಎಲ್ಲಿ ಕಳೆದಿತ್ರಿ ಅದು?" ಎಂದು ಕೇಳಿದ. ಫ್ಲಾಪಿಯೊಳಗೆ ಕೂತಿತ್ತಪ್ಪಾ ಎಂದೆ. ಅವನು ಬುಟ್ಟಿ ಎತ್ತಿಕೊಂಡು ಮುಂದಿನ ಸೀಟಿಗೆ ಹೋದ.

ಹೋಗಲಿ ಬಿಡಿ. ನನ್ನ ಮೊಮ್ಮಗಳ ಕುಬಸದ ಮೇಲೆ ಇನ್ನು ನವಿಲು ಕೂರುತ್ತದೆ. ನನಗೆ ಅಷ್ಟು ಸಾಕು.

ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹೊಸ ಕುಬಸ, ಅಂದರೆ ರವಿಕೆ, ತೊಡಿಸಿ, ಆರತಿ ಮಾಡುವುದು ನಮ್ಮ ಕಡೆಯ ಪದ್ಧತಿ. ನಮ್ಮ ಮನೆಯಲ್ಲಿ ಅದಕ್ಕೊಂದು ಹೆಚ್ಚಿನ ಕಟ್ಟಳೆ ಇದೆ. ಆ ಕುಬಸದ ಬೆನ್ನಿನ ಮೇಲೆ ಹಿಂದೆ ತಿರುಗಿದ ನವಿಲಿನ ಕಸೂತಿ ಇರಬೇಕು. "ಬಸುರಿ ಮುಂದ ನಿಂತವರನ್ನ ತಾನ ನೋಡ್ಕೊಂತಾಳ. ಬೆನ್ನ ಹಿಂದ ಯಾರು ಯಾವ ಕಣ್ಣಿಂದ ನೋಡ್ತಾರೋ, ಅದಕ್ಕೊಂದು ಕಾವಲು ಬೇಕಲ್ಲ" ಎನ್ನುತ್ತಿದ್ದರು ಅತ್ತೆ. ಅವರು ಬಂಕಾಪುರದವರು, ನವಿಲುಗಳ ನಡುವೆಯೇ ಬೆಳೆದವರು. ಆದರೂ ಯಾರನ್ನೂ ನಂಬದ ಆ ಹಕ್ಕಿ ನಿಜವಾದ ನವಿಲುಗಳಿಂದ ಬಂದದ್ದಲ್ಲ, ಅವರ ಸ್ವಂತ ಸ್ವಭಾವದಿಂದ ಬಂದದ್ದು ಎಂದು ನನ್ನ ಅಭಿಪ್ರಾಯ.

ಏಕೆಂದರೆ ಅತ್ತೆ ಯಾರಿಗೂ ಆ ನವಿಲು ಹಾಕುವುದನ್ನು ಕಲಿಸಲಿಲ್ಲ. ಹಾಕುವಾಗ ಗೋಡೆಗೆ ಮುಖಮಾಡಿ ಕೂರುತ್ತಿದ್ದರು. ನಾನು ಚಹಾ ಕೊಡುವ ನೆವದಲ್ಲಿ ಹತ್ತಿರ ಹೋದರೆ ಬಟ್ಟೆ ಮಡಚಿ ತೊಡೆಯ ಕೆಳಗೆ ಇಡುತ್ತಿದ್ದರು. ಸೊಸೆಗೆ ಕಲಿಸಿದರೆ ಅದು ಸೊಸೆಯ ತವರಿಗೆ ಹೋಗುತ್ತದೆ ಎಂಬ ಅನುಮಾನ. ನಾನು ಶಾಲೆಗೆ ಹೋದದ್ದು ಮೂರನೆಯ ಇಯತ್ತೆಯವರೆಗೆ, ಆದರೆ ಎಳೆ ಎಣಿಸಲು ಬರುತ್ತಿತ್ತು. ಉಳಿದ ಎಲ್ಲ ಕಸೂತಿಯೂ ಬರುತ್ತಿತ್ತು. ಆ ನವಿಲು ಮಾತ್ರ ಬರಲಿಲ್ಲ. ಅದು ಗವಂತಿ ಹೊಲಿಗೆ. ಸೂಜಿ ಒಂದು ಎಳೆ ಬಿಟ್ಟು ಒಂದು ಹಿಡಿದು ಚಿತ್ರದ ಸುತ್ತ ಹೋಗಬೇಕು, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ವಾಪಸು ಹೊರಟ ಜಾಗಕ್ಕೇ ಬರಬೇಕು. ಗಂಟು ಇರಬಾರದು, ಬಟ್ಟೆಯ ಎರಡೂ ಕಡೆ ಒಂದೇ ಚಿತ್ರ ಕಾಣಬೇಕು. ನಾನು ನೆನಪಿನಿಂದ ಹಾಕಿದಾಗಲೆಲ್ಲ ಸೂಜಿ ಕತ್ತಿನ ಹತ್ತಿರ ಹೋಗಿ ಸಿಕ್ಕಿಬೀಳುತ್ತಿತ್ತು. ವಾಪಸು ದಾರಿ ಸಿಗುತ್ತಿರಲಿಲ್ಲ.

ನನ್ನ ಸ್ವಂತ ಕುಬಸ ಇತ್ತಲ್ಲ ಎಂದು ಕೇಳಬಹುದು. ಇತ್ತು. ಕಪ್ಪು ಬಣ್ಣದ ಖಣದ್ದು, ಹೊಲಿಸಿದ್ದು ತವರಿನವರು, ನವಿಲು ಹಾಕಿದ್ದು ಅತ್ತೆ. ಆ ಕಪ್ಪು ಬಣ್ಣವೇ ಬಟ್ಟೆಯನ್ನು ತಿಂದುಹಾಕಿತು. ಒಂದು ದಿನ ಟ್ರಂಕಿನಿಂದ ತೆಗೆದರೆ ಹಪ್ಪಳದ ಹಾಗೆ ಮುರಿದು ಕೈಯಲ್ಲಿ ಪುಡಿಯಾಯಿತು. ಇನ್ನೊಂದು ಹಿರೇಕೆರೂರಿಗೆ ಕೊಟ್ಟ ನಾದಿನಿಯ ಹತ್ತಿರ ಇರಬೇಕಾಗಿತ್ತು. ಕೇಳಿದರೆ "ನಂದೂ ಹಂಗ ಆತು ವೈನಿ, ಹುಳ ತಿಂದ್ವು" ಎಂದಳು. ಎಷ್ಟು ಹುಳ ತಿಂದವು, ಏನು ಕಥೆ, ನನಗೆ ಇವತ್ತಿಗೂ ನಂಬಿಕೆ ಇಲ್ಲ.

ಇನ್ನು ಫ್ಲಾಪಿಯ ಸಂಗತಿ. ನನ್ನ ತಮ್ಮ ಮಸ್ಕತ್‌ನಲ್ಲಿ ವಾಯರಿಂಗ್ ಕೆಲಸಕ್ಕಿದ್ದ. ಒಂದು ಸಲ ರಜೆಗೆ ಬಂದಾಗ ನನ್ನ ಮಗನಿಗೆ ಒಂದು ಕಂಪ್ಯೂಟರ್ ತಂದುಕೊಟ್ಟ. ಈಗಿನ ಹಾಗೆ ಪರದೆಯ ಕಂಪ್ಯೂಟರ್ ಅಲ್ಲ. ಬರೀ ಗುಂಡಿಗಳ ಹಲಗೆ, ಅದನ್ನು ಮನೆಯ ಟಿವಿಗೆ ಜೋಡಿಸಬೇಕು. ಪಕ್ಕಕ್ಕೆ ಫ್ಲಾಪಿ ಹಾಕುವ ಒಂದು ಡಬ್ಬಿ. ಫ್ಲಾಪಿ ಎಂದರೆ ಅಂಗೈ ತುಂಬುವ ಚೌಕ, ಒಂದು ಬದಿಗೆ ಸರಿಯುವ ತಗಡಿನ ಬಾಗಿಲು. ಒಳಗೆ ತೆಳ್ಳಗಿನ ಕಂದು ಬಣ್ಣದ ಬಿಲ್ಲೆ ತಿರುಗುತ್ತದೆ. ಅದರ ಜೊತೆ ಬಂದದ್ದರಲ್ಲಿ ಒಂದು ಚಿತ್ರ ಬರೆಯುವ ಫ್ಲಾಪಿ ಇತ್ತು. ಟಿವಿಯ ಮೇಲೆ ಚೌಕ ಚೌಕದ ಜಾಲ ಬರುತ್ತಿತ್ತು, ಒಂದೊಂದು ಚೌಕಕ್ಕೆ ಒಂದೊಂದು ಚುಕ್ಕೆ ಇಡಬೇಕು. ಅತ್ತೆಗೆ ಆಗಲೇ ಕಣ್ಣಿಗೆ ಪೊರೆ ಬರುತ್ತಿತ್ತು. ಟಿವಿಗೆ ಮೂಗು ತಾಗಿಸಿ ನೋಡಿ, "ಇದು ಬಟ್ಟಿ ಇದ್ದಂಗ ಐತಲ್ಲೋ" ಎಂದರು.

ಮಗ ಆಗ ಹೈಸ್ಕೂಲು. ಅವನೇ ಅಜ್ಜಿಗೆ ಹೇಳಿದ: "ಇದಕ್ಕ ಬೀಗ ಐತಿ. ಇದನ್ನ ಯಾರೂ ನಕಲು ಮಾಡಾಕ ಬರಂಗಿಲ್ಲ. ಇದರಾಗ ಬರದ ಚಿತ್ರಾನೂ ಇದರಾಗ ಇರ್ತೈತಿ, ಹೊರಗ ಹೋಗಂಗಿಲ್ಲ."

ಆ ಮಾತೇ ಸಾಕಾಯಿತು. ಸೊಸೆಗೆ ಹೇಳದ ನವಿಲನ್ನು ಅತ್ತೆ ಬೀಗವಿರುವ ಡಬ್ಬಿಗೆ ಹೇಳಿದರು. ನನ್ನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ, ಕಾಲಿನಿಂದ ಹೊರಟು ಕೊಕ್ಕಿನವರೆಗೆ ಎಳೆ ಹೇಳುತ್ತ ಹೋದರು. ಮಗ ಚುಕ್ಕೆ ಇಡುತ್ತ ಹೋದ. ನಾನು ಕಿಟಕಿಯ ಹೊರಗೆ ನಿಂತು ಕೇಳಿಸಿಕೊಳ್ಳಲು ನೋಡಿದೆ. ಅತ್ತೆ ಕಿಟಕಿಯನ್ನೂ ಹಾಕಿಸಿದರು.

ಅತ್ತೆ ತೀರಿಕೊಂಡ ಮೇಲೆ ಮಗ ಆ ಫ್ಲಾಪಿಯದೊಂದು ನಕಲು ಮಾಡಲು ನೋಡಿದ. ನಕಲು ಎಲ್ಲ ಸರಿಯಾಗಿಯೇ ಆಯಿತು. ಹಾಕಿದರೆ ಮಾತ್ರ ಅರ್ಧ ತೆರೆದು, ಅಸಲಿ ಫ್ಲಾಪಿ ಹಾಕಿ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ನಿಂತುಬಿಡುತ್ತಿತ್ತು. ಮಗ ತಲೆ ಕೆರೆದುಕೊಂಡ. ನನಗೋ ಆ ಫ್ಲಾಪಿಯ ಮೇಲೆ ಗೌರವ ಹುಟ್ಟಿತು. ಕೇಳಿದವರಿಗೆಲ್ಲ ಬಾಗಿಲು ತೆರೆಯುವ ವಸ್ತು ನಮ್ಮ ಮನೆಯಲ್ಲಿ ಹೆಚ್ಚು ದಿನ ಬಾಳುವುದೂ ಇಲ್ಲ. ಆಮೇಲೊಂದು ಮಳೆಗಾಲ ಸಿಡಿಲು ಬಡಿದು ಟಿವಿಯೂ ಸುಟ್ಟಿತು, ಗುಂಡಿಗಳ ಹಲಗೆಯೂ ಸುಟ್ಟಿತು. ಅಸಲಿ ಫ್ಲಾಪಿಯನ್ನೂ ನಕಲನ್ನೂ ಬೇವಿನ ಎಲೆಯ ನಡುವೆ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ. ತೆರೆಯುವ ಯಂತ್ರವೇ ಹೋಯಿತು. ನವಿಲು ಒಳಗೇ ಉಳಿಯಿತು.

ಈಗ ಮಗನ ಮಗಳು ಬಸುರಿ, ಐದು ತಿಂಗಳು ತುಂಬುತ್ತಿದೆ. ನಮ್ಮ ಮನೆಯಲ್ಲಿ ನಾದಿನಿಯ ನಂತರ ಹುಟ್ಟಿದ ಒಬ್ಬಳೇ ಹೆಣ್ಣು ಮಗಳು ಅವಳು. ಶಿಗ್ಗಾಂವಿಗೆ ಕೊಟ್ಟಿದ್ದೇವೆ, ಅಲ್ಲೇ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅಂಗಡಿಯಲ್ಲಿ ಸಿಗುವ ನವಿಲು ಹಾಕಿಸಿದರಾಯಿತು ಎಂದು ಎಲ್ಲರೂ ಹೇಳಿದರು. ಅಂಗಡಿಯ ನವಿಲುಗಳು ಮುಂದೆ ನೋಡುತ್ತವೆ. ಮುಂದೆ ನೋಡುವ ನವಿಲು ಬೆನ್ನ ಮೇಲೆ ಕೂತು ಏನು ಕಾಯುತ್ತದೆ? ನಾನು ಊಟ ಬಿಡಲಿಲ್ಲ, ಜಗಳವಾಡಲಿಲ್ಲ, ಆದರೆ ಮೊಮ್ಮಗಳ ಕುಬಸ ಬರಿಬೆನ್ನಿನದಾಗುತ್ತದಲ್ಲ ಎಂದು ದಿನಾ ಕೊರಗುತ್ತಿದ್ದೆ. ಅದನ್ನು ನೋಡಿದ ಮೊಮ್ಮಗಳು ತನ್ನ ಫೋನಿನಲ್ಲಿ ಹುಡುಕಿ ಹುಡುಕಿ ಸವಣೂರಿನಲ್ಲಿ ಒಬ್ಬ ಮನುಷ್ಯನನ್ನು ಕಂಡುಹಿಡಿದಳು. ಆತನ ತಂದೆ ರೇಡಿಯೋ ರಿಪೇರಿಯವರು. ಆತ ಅದೇ ಅಂಗಡಿಯಲ್ಲಿ ಕೂತು ಹಳೆಯ ಕಾಲದ ಮನೆ ಕಂಪ್ಯೂಟರುಗಳನ್ನು ಒಟ್ಟುಮಾಡುತ್ತಾನಂತೆ. ಬೀಗ ಹಾಕಿದ ಫ್ಲಾಪಿಗಳನ್ನು ಓದಿ, ಬೀಗದ ಸಮೇತ ಹೊಸ ಕಂಪ್ಯೂಟರಿನಲ್ಲಿ ಉಳಿಸಿಡುತ್ತಾನಂತೆ. ಅದೂ ಪುಕ್ಕಟೆ.

ಪುಕ್ಕಟೆ ಎಂದೊಡನೆ ನನ್ನ ಕಿವಿ ನೆಟ್ಟಗಾದವು. ಬೇರೆಯವರ ಹಳೆಯ ವಸ್ತುವಿನ ಮೇಲೆ ಯಾರಿಗಾದರೂ ಸುಮ್ಮನೆ ಪ್ರೀತಿ ಹುಟ್ಟುತ್ತದೆಯೇ? ಫೋನಿನಲ್ಲಿ ಆತನ ಕೋಣೆಯ ಫೋಟೋ ತೋರಿಸಿದಳು. ಗೋಡೆ ತುಂಬ ಗುಂಡಿಗಳ ಹಲಗೆಗಳು. ಇಷ್ಟೊಂದು ಈತನಿಗೆ ಕೊಟ್ಟವರು ಯಾರು? ಕೊಟ್ಟವರಿಗೆ ವಾಪಸು ಹೋಯಿತೇ? ಮೊಮ್ಮಗಳು, "ಅಜ್ಜಿ, ನೀ ಪೊಲೀಸ್ ಆಗಬೇಕಾಗಿತ್ತು" ಎಂದಳು.

ನಮ್ಮವ್ವನದೊಂದು ರೂಢಿ ಇತ್ತು. ಹೊಸ ಅಕ್ಕಸಾಲಿಗರ ಹತ್ತಿರ ಬಂಗಾರ ಕೊಡುವ ಮೊದಲು ಹೊಳಪು ಕೊಟ್ಟ ಹಿತ್ತಾಳೆಯ ಉಂಗುರ ಕೊಟ್ಟು, ಇದನ್ನು ಸ್ವಲ್ಪ ಹಿಗ್ಗಿಸಿಕೊಡಿ ಎನ್ನುತ್ತಿದ್ದಳು. ಬಂಗಾರ ಚಲೋ ಐತಿ ಎಂದವರ ಕಟ್ಟೆಯಿಂದ ಎದ್ದು ಬರುತ್ತಿದ್ದಳು. ಇದು ಹಿತ್ತಾಳೆ ಎಂದವರ ಹತ್ತಿರ ಸರ ಬಿಚ್ಚಿ ಕೊಡುತ್ತಿದ್ದಳು. ನಾನೂ ಅದನ್ನೇ ಮಾಡಿದೆ. ಇವತ್ತು ಮುಂಜಾನೆ ಟ್ರಂಕು ತೆರೆದು ನಕಲಿ ಫ್ಲಾಪಿಯನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡೆ. ಅಸಲಿಯನ್ನು ಎಲೆ ಅಡಿಕೆ ಸಂಚಿಯ ಒಳಜೇಬಿನಲ್ಲಿ, ಸೊಂಟಕ್ಕೆ ಸಿಕ್ಕಿಸಿಕೊಂಡೆ. ಯಾರಿಗೂ ಹೇಳಲಿಲ್ಲ.

ಹಾನಗಲ್ಲಿನಿಂದ ನಾನು ಬಸ್ಸಿಗೆ ಹತ್ತಿದೆ. ಮೊಮ್ಮಗಳು ಬಂಕಾಪುರದಲ್ಲಿ ಕೂಡಿಕೊಂಡಳು. ಸವಣೂರಿಗೆ ಹೋಗಿ ಇಳಿದಾಗ ಬಿಸಿಲು ಏರಿತ್ತು. ಅಂಗಡಿಯ ಮುಂದೆ ಹಳೆಯ ರೇಡಿಯೋಗಳು ಒಂದರ ಮೇಲೊಂದು. ಹಿಂದಿನ ಕೋಣೆಯಲ್ಲಿ ಬೆಸುಗೆಯ ವಾಸನೆ. ಆತ ನನ್ನ ಮಗನ ವಾರಿಗೆಯವನು, ಕನ್ನಡಕವನ್ನು ಹಣೆಯ ಮೇಲೆ ಏರಿಸಿದ್ದ.

"ಬರ್ರಿ ದೊಡ್ಡವ್ವಾ, ಕುಂದರ್ರಿ. ಚಾ ತರಸ್ತೇನಿ."

"ಚಾ ಆಮ್ಯಾಲ. ಮೊದಲ ಹೇಳು ತಮ್ಮಾ, ಇದರಾಗ ನಿನಗ ಏನು ಸಿಗ್ತೈತಿ?"

ಮೊಮ್ಮಗಳು ನನ್ನ ಮೊಣಕೈ ಚಿವುಟಿದಳು. ಆತ ಬೇಸರ ಮಾಡಿಕೊಳ್ಳಲಿಲ್ಲ.

"ಏನೂ ಸಿಗಂಗಿಲ್ರಿ. ಇವು ಸಾಯಾಕತ್ತಾವ. ಒಳಗಿನ ಬಿಲ್ಲಿ ಮ್ಯಾಲಿನ ಕಂದು ಲೇಪ ಉದರಾಕತ್ತೈತಿ. ಬೀಗ ಇಲ್ಲದ ಫ್ಲಾಪಿ ಆದ್ರ ಯಾರರ ಒಬ್ಬರು ನಕಲು ಮಾಡಿ ಇಟ್ಟಿರ್ತಾರ. ಬೀಗ ಇದ್ದದ್ದು ಹಂಗಲ್ಲ, ಇದ್ದದ್ದು ಹೋದ್ರ ಹೋದಂಗ. ಸಣ್ಣಾಂವ ಇದ್ದಾಗ ನಾ ಆಡಿದ ಆಟ ಎಷ್ಟೋ ಹಂಗ ಹೋದ್ವು. ಅದಕ್ಕ ಹಠ ಹಿಡದೇನಿ."

ಉತ್ತರ ಚೆನ್ನಾಗಿತ್ತು. ಚೆನ್ನಾಗಿದ್ದದ್ದರಿಂದಲೇ ನನಗೆ ಇನ್ನೂ ಅನುಮಾನ ಬಂತು. ಕರವಸ್ತ್ರ ಬಿಚ್ಚಿ ನಕಲಿಯನ್ನು ಕೊಟ್ಟೆ.

ಆತ ತಗಡಿನ ಬಾಗಿಲು ಸರಿಸಿ ಬೆಳಕಿಗೆ ಹಿಡಿದು ನೋಡಿದ. ಹಳೆಯ ಫ್ಲಾಪಿ ಡಬ್ಬಿಯೊಂದಕ್ಕೆ ಹಾಕಿದ. ಆ ಡಬ್ಬಿಗೂ ಈಗಿನ ಲ್ಯಾಪ್‌ಟಾಪಿಗೂ ನಡುವೆ ಬೆಂಕಿಪೊಟ್ಟಣದಷ್ಟು ಹಸಿರು ಹಲಗೆ ಜೋಡಿಸಿತ್ತು. ಗೊರ್ ಗೊರ್ ಎಂದು ಸದ್ದು ಶುರುವಾಯಿತು. ಪರದೆಯ ಮೇಲೆ ಬಳೆಯೊಳಗೆ ಬಳೆ ಇಟ್ಟ ಹಾಗೆ ಸುತ್ತುಗಳು ಮೂಡಿದವು, ಒಂದೊಂದೇ ಹಸಿರಾಗುತ್ತ ಬಂದವು. ಆತ ಒಂದು ಸುತ್ತನ್ನು ಮತ್ತೆ ಮತ್ತೆ ಓದಿಸಿದ. ಕಿವಿ ಕೆರೆದುಕೊಂಡ.

"ದೊಡ್ಡವ್ವಾ, ತಪ್ಪು ತಿಳೀಬ್ಯಾಡ್ರಿ. ಇದು ಅಸಲಿ ಅಲ್ಲ."

ಮೊಮ್ಮಗಳಿಗೆ ಸಿಟ್ಟು ಬಂತು. "ಅಸಲಿನ ಐತ್ರಿ! ನಮ್ಮ ಅಜ್ಜಿ ಕೀಲಿ ಹಾಕಿ ಇಟ್ಟದ್ದು ಅದು. ನಮಗ ಮುಟ್ಟಾಕೂ ಕೊಟ್ಟಿಲ್ಲ."

"ಇಲ್ಲವಾ, ಕೇಳು. ಈ ಫ್ಲಾಪಿಗೆ ಬೀಗ ಹೆಂಗ ಹಾಕ್ಯಾರ ಅಂದ್ರ, ಒಂದು ಸುತ್ತಿನಾಗ ಸ್ವಲ್ಪ ಜಾಗಾ ಅರ್ಧಮರ್ಧ ಬರದು ಬಿಟ್ಟಾರ. ಹೂಂ ಅನ್ನಂಗಿಲ್ಲ, ಊಹೂಂ ಅನ್ನಂಗಿಲ್ಲ. ಒಂದೊಂದು ಸಲ ಓದಿದಾಗ ಒಂದೊಂದು ಉತ್ತರ ಕೊಡ್ತೈತಿ. ಚಾಲೂ ಮಾಡಿದ ಕೂಡ್ಲೆ ಅದು ಆ ಜಾಗಾ ಎರಡು ಸಲ ಓದಿ ನೋಡ್ತೈತಿ. ಉತ್ತರ ಬ್ಯಾರೆ ಬ್ಯಾರೆ ಬಂದ್ರ ಅಸಲಿ. ಎರಡೂ ಸಲ ಒಂದ ಬಂದ್ರ ನಕಲಿ ಅಂತ ಬಾಗಲಾ ಹಾಕ್ಕೊಂತೈತಿ. ನಕಲು ಮಾಡಾವರು ಆ ಹೊತ್ತಿಗೆ ಬಂದ ಒಂದು ಉತ್ತರ ಬರಕೊಂತಾರ, ಮುಂದ ಅದು ಸಾಯೋತನಾ ಅದನ್ನ ಹೇಳ್ತೈತಿ. ಇದೂ ಹಂಗ. ಎಷ್ಟು ಸಲ ಕೇಳಿದ್ರೂ ಒಂದ ಮಾತು."

ಯಂತ್ರದ ವಿದ್ಯೆ ನನಗೆ ತಿಳಿಯದು. ಈ ಮಾತು ಮಾತ್ರ ನೇರ ಒಳಗೆ ಇಳಿಯಿತು. ಮೊಮ್ಮಗಳಿಗೆ ಗಂಡು ನೋಡುವಾಗ ನಾನು ಓಣಿಯವರನ್ನು ಎರಡೆರಡು ಸಲ ವಿಚಾರಿಸಿದವಳು. ಕಂಡದ್ದನ್ನು ಹೇಳುವವರು ಎರಡನೆಯ ಸಲ ಒಂದು ಮಾತು ಬಿಡುತ್ತಾರೆ, ಒಂದು ಮಾತು ಸೇರಿಸುತ್ತಾರೆ. ಹೇಳಿಕೊಟ್ಟದ್ದನ್ನು ಹೇಳುವವರ ಬಾಯಲ್ಲಿ ಅದೇ ಶಬ್ದ ಅದೇ ಸಾಲಿನಲ್ಲಿ ಬರುತ್ತದೆ. ಆ ಫ್ಲಾಪಿ ಮಾಡಿದವರಿಗೂ ಇದು ಗೊತ್ತಿತ್ತಲ್ಲ!

ಹಿತ್ತಾಳೆಯನ್ನು ಹಿತ್ತಾಳೆ ಎಂದವನು ಆತ. ನಾನು ಸಂಚಿಯ ದಾರ ಬಿಚ್ಚಿ, ಅಡಿಕೆ ಚೂರು ಸರಿಸಿ, ಅಸಲಿಯನ್ನು ತೆಗೆದು ಮೇಜಿನ ಮೇಲಿಟ್ಟೆ.

"ಅಜ್ಜೀ!" ಮೊಮ್ಮಗಳು ಎದ್ದು ನಿಂತಳು. "ಬಸುರಿ ಹೆಂಗಸನ್ನ ಬಸ್ಸಿನಾಗ ಅಳ್ಳಾಡಿಸಿಕೊಂತ ಕರಕೊಂಡ ಬಂದು, ಅವರ ಮುಂದ ನಕಲಿ ಇಟ್ಟಿ? ನನಗರ ಹೇಳಬಾರದಾ?"

"ನಿನಗ ಹೇಳಿದ್ರ ನಿನ್ನ ಮಾರಿ ಮ್ಯಾಲ ಕಾಣತಿತ್ತು."

ಆತ ಹೊಟ್ಟೆ ಹಿಡಿದುಕೊಂಡು ನಕ್ಕ. "ಬಿಡವಾ, ಬೈಬ್ಯಾಡ. ನಮ್ಮವ್ವನೂ ಹಿಂಗ ಇದ್ಲು. ಕಲ್ಲಂಗಡಿ ಕೊಳ್ಳಾಕ ಹೋದ್ರ, ಕೊಳತದ್ದು ಒಂದು ತಾನ ಆರಿಸಿ ಅಂಗಡ್ಯಾಂವನ ಕೈಯಾಗ ಕೊಟ್ಟು, ಇದು ಹೆಂಗೈತಪಾ ಅಂತ ಕೇಳತಿದ್ಲು."

ಅಸಲಿಯ ಬಾಗಿಲು ಸರಿಸಿದಾಗ ನಗು ನಿಂತಿತು. ಒಳಗಿನ ಬಿಲ್ಲೆಯ ಮೇಲೆ ಬಿಳಿ ಬೂಷ್ಟು. ಬೇವಿನ ಎಲೆಯ ಕಡ್ಡಿಯೊಂದು ಮೂಲೆಯಲ್ಲಿ ಕೂತಿತ್ತು. ಹುಳ ಬರದಿರಲೆಂದು ನಾನೇ ಇಟ್ಟದ್ದು. ಹೀಗೇ ಹಾಕಿ ಓದಿಸಿದರೆ ಬೂಷ್ಟು ಉಜ್ಜಿ ಗೀರು ಬೀಳುತ್ತದೆ, ಮೊದಲು ತೊಳೆಯಬೇಕು ಎಂದ. ಫ್ಲಾಪಿಯ ಮೂಲೆಯಲ್ಲೊಂದು ಸಣ್ಣ ಕಿಟಕಿ ಇದೆ, ಅದು ತೆರೆದಿದ್ದರೆ ಯಂತ್ರಕ್ಕೆ ಓದಲು ಬರುತ್ತದೆಯೇ ಹೊರತು ಬರೆಯಲು ಬರುವುದಿಲ್ಲವಂತೆ. ಆ ಕಿಟಕಿ ತೆರೆದಿರುವುದನ್ನು ತೋರಿಸು ಎಂದೆ. ತೋರಿಸಿದ. ಇನ್ನೊಮ್ಮೆ ತೋರಿಸು ಎಂದೆ. ಇನ್ನೊಮ್ಮೆ ತೋರಿಸಿದ. ಆಮೇಲೆ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಬಿಲ್ಲೆಯನ್ನು ಬೆರಳಿನಿಂದ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಕೂಸಿನ ಕಿವಿ ಒರೆಸಿದ ಹಾಗೆ ಒರೆಸಿದ. ಒಣಗಲು ಹೊತ್ತು ಬೇಕು, ಇಟ್ಟು ಹೋಗಿ ನಾಳೆ ಬನ್ನಿ ಎಂದ. ಇಟ್ಟು ಹೋಗುವವಳು ನಾನಲ್ಲ. ಅಲ್ಲೇ ಕೂತೆ. ಒಳಗಿನಿಂದ ಚಹಾವೂ ಸವಣೂರಿನ ಖಾರವೂ ಬಂದವು. ಖಾರ ತಿನ್ನುವಾಗಲೂ ನನ್ನ ಒಂದು ಕಣ್ಣು ಮೇಜಿನ ಮೇಲೆಯೇ ಇತ್ತು.

ಒಣಗಿದ ಮೇಲೆ ಓದಿಸಿದ. ಸುತ್ತುಗಳು ಹಸಿರಾದವು. ಬೀಗದ ಸುತ್ತು ಮಾತ್ರ ಒಮ್ಮೆ ಹಳದಿ, ಒಮ್ಮೆ ಹಸಿರು. ಅದರ ಪಕ್ಕದ ಸುತ್ತಿನಲ್ಲಿ ಒಂದು ಚೂರು ಕೆಂಪು. ಓದಿದ್ದನ್ನು ಲ್ಯಾಪ್‌ಟಾಪಿನಲ್ಲೇ, ಹಳೆಯ ಕಂಪ್ಯೂಟರಿನ ಸೋಗು ಹಾಕುವ ಒಂದು ಪ್ರೋಗ್ರಾಮಿನಲ್ಲಿ ಚಾಲೂ ಮಾಡಿದ. ಪರದೆ ಕಪ್ಪಾಯಿತು. ಅರ್ಧ ತೆರೆಯಿತು. ಆಮೇಲೆ ಬಂತು ಅದೇ ಸಾಲು. ನನಗೆ ಇಂಗ್ಲಿಷ್ ಬರದಿದ್ದರೂ ಆ ಸಾಲಿನ ಉದ್ದ ನೆನಪಿತ್ತು.

"ಕೆಡಿಸಿದಿ!" ಎಂದೆ. "ಅಸಲಿ ಇತ್ತು, ನೀ ತೊಳದು ನಕಲಿ ಮಾಡಿದಿ! ತಾ ಇಲ್ಲಿ!"

ಮೊಮ್ಮಗಳು, "ಅಜ್ಜಿ, ಸುಮ್ನ ಕುಂದ್ರು" ಎಂದು ನನ್ನ ಸೆರಗು ಎಳೆದಳು. ಆತ ಫ್ಲಾಪಿಯನ್ನು ತೆಗೆದು ನನ್ನ ಕೈಯಲ್ಲೇ ಇಟ್ಟ.

"ಕೆಟ್ಟಿಲ್ಲ ದೊಡ್ಡವ್ವಾ. ಲೇಪ ಉದರೀತಂತ ಅಂಜಿ ನಾ ಬೀಗದ ಸುತ್ತನ್ನ ಒಂದ ಸಲ ತಿರುಗಿಸಿ ಬರಕೊಂಡೆ. ಅದಕ್ಕ ಒಂದ ಉತ್ತರ ಬಂತು. ಅದರ ಚಂಚಲಾನೂ ಬರಕೋಬೇಕಂದ್ರ ಇನ್ನೂ ಭಾಳ ಸಲ ತಿರುಗಸಬೇಕು. ಆದ್ರ ಪಕ್ಕದ ಸುತ್ತು ನೋಡ್ರಿ, ಕೆಂಪು. ಅಲ್ಲಿ ಲೇಪ ಏಳಾಕತ್ತೈತಿ. ಓದೋ ಮುಳ್ಳು ಅದನ್ನ ಎಬ್ಬಿಸಿದ್ರ ಬೀಗದ ಸುತ್ತಿಗೂ ಗೀರು ಬಿದ್ದು ಹೋತು, ಮತ್ತ ಎಂದೂ ತೆರಿಯಂಗಿಲ್ಲ. ಅದರಾಗ ನಿಮ್ಮ ನವಿಲಿನ ಕಾಲಿರಬಹುದು, ಕತ್ತಿರಬಹುದು, ನನಗ ಗೊತ್ತಿಲ್ಲ. ಓದ್ಲೋ ಬ್ಯಾಡೋ, ನೀವು ಹೇಳ್ರಿ."

ನಾನು ಫ್ಲಾಪಿ ಹಿಡಿದುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಹೋಗಿ ಕೂತೆ. ಸಂಚಿ ಬಿಚ್ಚಿದರೂ ಎಲೆಗೆ ಸುಣ್ಣ ಹಚ್ಚಲು ಕೈ ಬರಲಿಲ್ಲ. ಅತ್ತೆ ಇದ್ದಿದ್ದರೆ ಎದ್ದು ಹೊರಟುಬಿಡುತ್ತಿದ್ದರು, ಅದು ಖಂಡಿತ. ಯಾರ ಕೈಗೂ ಸಿಗದೆ ಒಳಗೇ ಇರಲಿ ಎನ್ನುತ್ತಿದ್ದರು. ನನಗೂ ಹಾಗೇ ಅನ್ನಿಸಿತು. ಮನೆಗೆ ಒಯ್ದು ಕೀಲಿ ಹಾಕಿದರೆ ಕೊನೆಗೆ ನವಿಲು ಇದೆ ಎಂಬ ಸಮಾಧಾನವಾದರೂ ಉಳಿಯುತ್ತದೆ. ಓದಿಸಿ ಕೆಟ್ಟರೆ ಆ ಸಮಾಧಾನವೂ ಇಲ್ಲ. ಆದರೆ ಕಪ್ಪು ಕುಬಸವನ್ನೂ ನಾನು ಹಾಗೆಯೇ ಕೀಲಿ ಹಾಕಿ ಇಟ್ಟಿದ್ದೆನಲ್ಲ. ಕಳ್ಳರ ಕೈಗೆ ಸಿಗದ ಹಾಗೆ ಇಟ್ಟೆ, ಪುಡಿಯಾಗುವುದನ್ನು ಯಾವ ಕೀಲಿಯೂ ತಡೆಯಲಿಲ್ಲ. ಮೊಮ್ಮಗಳು ಬಂದು ಪಕ್ಕಕ್ಕೆ ನಿಂತಳು. ಬೆನ್ನಿಗೆ ಕೈ ಕೊಟ್ಟುಕೊಂಡು ನಿಂತಿದ್ದಳು, ಬಸುರಿಯರು ನಿಲ್ಲುವ ಹಾಗೆ. ಆ ಬೆನ್ನು ನೋಡಿದೆ.

ಒಳಗೆ ಹೋಗಿ ಆತನನ್ನು ಕೇಳಿದೆ: "ಕೆಟ್ರ ಏನು ಮಾಡ್ತಿ?"

"ಕೆಟ್ಟೈತಿ ಅಂತ ಹೇಳ್ತೇನಿ. ಮತ್ತೇನು ಮಾಡ್ಲಿ ದೊಡ್ಡವ್ವಾ?"

ಹೊಸದು ಕೊಡುತ್ತೇನೆ ಎನ್ನಲಿಲ್ಲ. ಕೆಡುವುದೇ ಇಲ್ಲ ಎಂದು ಆಣೆ ಮಾಡಲಿಲ್ಲ. ನನ್ನ ಆಯುಷ್ಯದಲ್ಲಿ ಆಣೆ ಮಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ.

"ಓದು" ಎಂದೆ. ಫ್ಲಾಪಿಯನ್ನು ಡಬ್ಬಿಯೊಳಗೆ ನಾನೇ ತಳ್ಳಿದೆ.

ಸದ್ದು ಶುರುವಾಯಿತು. ಬೀಗದ ಸುತ್ತು ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ನಡುವೆ ಒಮ್ಮೆ ಕರ್ ಎಂದು ಬೇರೆ ಸದ್ದು ಬಂದಾಗ ಆತನ ಕೈ ಗುಂಡಿಯ ಮೇಲೆ ನಿಂತಿತು. ಮತ್ತೆ ಗೊರ್ ಗೊರ್. ಕೊನೆಗೆ ಡಬ್ಬಿ ಸುಮ್ಮನಾಯಿತು. ಕೆಂಪು ಚೂರು ಇದ್ದಷ್ಟೇ ಇತ್ತು, ಹರಡಿರಲಿಲ್ಲ. ಆತ ಚಾಲೂ ಮಾಡಿದ. ಪರದೆ ಕಪ್ಪಾಯಿತು. ಅರ್ಧ ತೆರೆಯಿತು. "ಈಗ ಕೇಳಾಕತ್ತೈತಿ ನೋಡ್ರಿ" ಎಂದು ಪಿಸುಗುಟ್ಟಿದ. ನಾನು ಆ ಸಾಲಿಗಾಗಿ ಕಾಯುತ್ತಿದ್ದೆ. ಸಾಲು ಬರಲಿಲ್ಲ. ಚೌಕ ಚೌಕದ ಜಾಲ ಬಂತು.

ಆಮೇಲೆ ನವಿಲು ಬಂತು. ಕಾಲು, ಹೊಟ್ಟೆ, ಗರಿ, ತಿರುಗಿದ ಕತ್ತು, ಚೂಪು ಕೊಕ್ಕು. ರೆಕ್ಕೆಯ ಒಂದು ಅಂಚಿನಲ್ಲಿ ನಾಲ್ಕಾರು ಚುಕ್ಕೆ ಹಾರಿಹೋಗಿದ್ದವು. ಕೆಂಪು ಚೂರು ತಿಂದದ್ದು ಅಷ್ಟೇ. ಅದನ್ನು ಕಣ್ಣು ಮುಚ್ಚಿ ತುಂಬಬಹುದು. ನಾನು ಕುರ್ಚಿಯನ್ನು ಎಳೆದುಕೊಂಡು ಗಾಜಿಗೆ ಬೆರಳು ಹಚ್ಚಿದೆ. ಕಾಲಿನಿಂದ ಹೊರಟೆ. ಒಂದು ಎಳೆ ಹಿಡಿದು ಒಂದು ಬಿಟ್ಟು ಹೊಟ್ಟೆಯ ಕೆಳಗೆ, ಗರಿಯ ಸುತ್ತ, ಬೆನ್ನಿನ ಮೇಲೆ, ಕತ್ತಿಗೆ ಬಂದೆ. ಇಲ್ಲೇ ನಾನು ಯಾವಾಗಲೂ ನೇರ ಮೇಲೆ ಹೋಗುತ್ತಿದ್ದೆ. ಅತ್ತೆಯ ಎಳೆ ನೇರ ಹೋಗುವುದಿಲ್ಲ. ಕತ್ತಿನ ಬುಡದಲ್ಲಿ ಒಂದು ಹೆಜ್ಜೆ ಹಿಂದೆ ಸರಿದು, ವಾಪಸು ಬರುವವರಿಗೆ ಜಾಗ ಬಿಟ್ಟು, ಆಮೇಲೆ ಏರುತ್ತದೆ. ಏರಿದೆ, ಕೊಕ್ಕು ಸುತ್ತಿದೆ, ಇಳಿದೆ, ಬಿಟ್ಟದ್ದನ್ನೆಲ್ಲ ತುಂಬುತ್ತ ಬಂದೆ. ಬೆರಳು ಹೊರಟ ಕಾಲಿನ ಹತ್ತಿರವೇ ಬಂದು ನಿಂತಿತು.

ಬಂತು! ವಾಪಸು ಬಂತು! ಕೂಗಿದೆನಂತೆ, ನನಗೆ ನೆನಪಿಲ್ಲ. ಮುಂದಿನ ಅಂಗಡಿಯವರು ಬಂದು ಇಣುಕಿದರು. ಮೊಮ್ಮಗಳು ಅಳುತ್ತಿದ್ದಳು, ನಾನು ನಗುತ್ತಿದ್ದೆ, ಆಮೇಲೆ ನಾನು ಅತ್ತುಬಿಟ್ಟೆ, ಅವಳು ನಕ್ಕಳು. ಆತನ ಗಲ್ಲಕ್ಕೆ ಕೈ ಸವರಿ ಲಟಿಕೆ ಮುರಿದೆ. ಎಲ್ಲ ಬೆರಳೂ ಲಟಲಟ ಎಂದವು. "ನಿನ್ನ ಮ್ಯಾಲ ಭಾಳ ಕಣ್ಣು ಬಿದ್ದಾವ ತಮ್ಮಾ, ಅದರಾಗ ನಂದೂ ಒಂದಿತ್ತು" ಎಂದೆ.

ಆತ ನವಿಲನ್ನು ದೊಡ್ಡ ಹಾಳೆಯ ಮೇಲೆ ಪ್ರಿಂಟ್ ತೆಗೆದುಕೊಟ್ಟ. ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟ. ಅಸಲಿಯನ್ನೂ ನಕಲಿಯನ್ನೂ ನಾನು ಸಂಚಿಗೆ ವಾಪಸು ಹಾಕಿಕೊಂಡೆ. ಆಮೇಲೆ ಸಂಕೋಚದಿಂದ ಒಂದು ಮಾತು ಕೇಳಿದ. ಆ ಚಿತ್ರ ಬರೆಯುವ ಪ್ರೋಗ್ರಾಮನ್ನು ಅದರ ಬೀಗದ ಸಮೇತ ತಾನು ಉಳಿಸಿದ ಉಳಿದವುಗಳ ಜೊತೆ ಇಟ್ಟುಕೊಳ್ಳಲೇ ಎಂದು. ನನ್ನ ಕಿವಿ ಮತ್ತೆ ನೆಟ್ಟಗಾದವು.

"ನವಿಲು?"

"ನವಿಲು ನಿಮ್ಮದು. ಅದನ್ನ ತಗದು ಖಾಲಿ ಪ್ರೋಗ್ರಾಮ್ ಅಷ್ಟ ಇಡ್ತೇನಿ."

ತೆಗೆಯುವುದನ್ನು ಕೂತು ನೋಡಿದೆ. ಆತನೂ ಕೂತು ನೋಡಿ ಎಂದೇ ಹೇಳಿದ. ಖಾಲಿ ಜಾಲ ಉಳಿಯಿತು. ಆಗ ಹೂಂ ಎಂದೆ.

ನಾನೂ ಮೊಮ್ಮಗಳೂ ಹಾನಗಲ್ಲಿಗೆ ಬಂದು ಮುಟ್ಟುವ ಹೊತ್ತಿಗೆ ದೀಪ ಹಚ್ಚಿದ್ದರು. ಸುದ್ದಿ ಫೋನಿನಲ್ಲಿ ಮೊದಲೇ ಬಂದಿತ್ತು. ಮಗ ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿಗೆ ಬೇಗ ಬಾಗಿಲು ಹಾಕಿ ಬಂದಿದ್ದ. ಮೊಮ್ಮಗಳ ಗಂಡ ಶಿಗ್ಗಾಂವಿಯಿಂದ ಬೈಕಿನ ಮೇಲೆ ಬಂದಿದ್ದ. ಹಿರೇಕೆರೂರಿನ ನಾದಿನಿಯೂ ಬಸ್ಸು ಹಿಡಿದು ಬಂದು ಕೂತಿದ್ದಳು. ಮಗ ಹಾಳೆಯನ್ನು ನೆಲದ ಮೇಲೆ ಹರಡಿ, "ಇಲ್ಲಿ ನೋಡವಾ, ಈ ಚುಕ್ಕಿ ಇಡಬೇಕಾದ್ರ ನಮ್ಮ ಅಜ್ಜಿ ನನ್ನ ತಲಿ ಮ್ಯಾಲ ಮೊಟಕಿದ್ಲು" ಎಂದು ಒಂದೊಂದನ್ನೂ ತೋರಿಸಿದ. ಅವನ ದನಿ ಹೈಸ್ಕೂಲಿನದೇ ಆಗಿತ್ತು. ನಾದಿನಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಕೊಕ್ಕು ಒಂದು ಎಳಿ ಕೆಳಗಿತ್ತು ವೈನಿ" ಎಂದಳು.

ಹುಳ ತಿಂದ ಕುಬಸದ ಕೊಕ್ಕು ಎಳೆಯ ಲೆಕ್ಕದಲ್ಲಿ ನೆನಪಿರುವುದು ಹೇಗೆ ಎಂದು ಬಾಯಿಯವರೆಗೆ ಬಂದಿತ್ತು. ನುಂಗಿಕೊಂಡೆ. ಇವತ್ತು ಬೇಡ.

ಹಾಳೆಯನ್ನು ಮಡಚಿ ನನ್ನ ಸೊಸೆಯ, ಮೊಮ್ಮಗಳ ತಾಯಿಯ, ಕೈಗೆ ಕೊಟ್ಟೆ. ನನ್ನ ಕಣ್ಣಿಗೆ ಈಗ ಎಳೆ ಕಾಣುವುದಿಲ್ಲ, ಕುಬಸಕ್ಕೆ ಸೂಜಿ ಹಿಡಿಯುವವಳು ಅವಳೇ. ಅವಳು ಕೈ ಒರೆಸಿಕೊಂಡು ತೆಗೆದುಕೊಂಡಳು. "ನನಗ ಕೊಡ್ತೀರೇನ್ರಿ ಅತ್ತಿ? ನಮ್ಮ ತವರಿಗೆ ಒಯ್ದ್ರ?" ಎಂದು ನಕ್ಕಳು. "ಒಯ್ಯಿ. ಕೆಟ್ಟದಾಗಿ ಹಾಕಿದ್ರ ಅವರ ಮಾನಾನ ಹೋಗ್ತೈತಿ" ಎಂದೆ.

ಅಡುಗೆಮನೆಯಿಂದ ಹೂರಣದ ವಾಸನೆ ಬರುತ್ತಿತ್ತು. ಹೋಳಿಗೆಗೆ ಬೇಳೆ ಕುದಿಸಿ ಅರೆಯಲು ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತಿಲ್ಲವೇ? ಸುದ್ದಿ ತಿಳಿದ ಮೇಲೆ ಶುರುಮಾಡಿದ್ದಲ್ಲ ಇದು.

"ಫ್ಲಾಪಿ ತೆರೀತೈತಿ ಅಂತ ನಿನಗ ಮೊದಲ ಹೆಂಗ ಗೊತ್ತಿತ್ತು?" ಎಂದು ಸೊಸೆಯನ್ನು ಹಿಡಿದೆ.

"ತೆರೀದಿದ್ರೂ ಹೋಳಿಗಿ ತಿನ್ನಾಕ ಬರ್ತೈತಲ್ರಿ ಅತ್ತಿ."

ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತರು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಕಟ್ಟಿನ ಸಾರು, ಹೋಳಿಗೆ. ಮೊಮ್ಮಗಳು ಗಂಡನ ತಾಟಿನ ತುಪ್ಪವನ್ನು ತನ್ನ ಹೋಳಿಗೆಗೆ ಸುರಿದುಕೊಂಡಳು. ನಾದಿನಿ ಸಾರು ಇನ್ನೊಂದಿಷ್ಟು ಹಾಕು ಎಂದಳು. ಸೊಸೆ ಕೊನೆಗೆ ಉಣ್ಣುತ್ತೇನೆ ಎಂದು ನಿಂತಿದ್ದಳು. ಕೈ ಹಿಡಿದು ಕೂರಿಸಿ, ಅವಳ ತಾಟಿಗೆ ನಾನೇ ಬಡಿಸಿದೆ. ಆಮೇಲೆ ನನ್ನ ತಾಟು ಹಚ್ಚಿಕೊಂಡು ಅವಳ ಪಕ್ಕಕ್ಕೆ ಕೂತು, ಬಿಸಿ ಹೋಳಿಗೆ ಮುರಿದೆ.